ದಣಿಯದಿರಬಹುದು

'ಪೂರ್ತಿ ಕೊಟ್ಟಿದ್ದಾರೆ. ಒಂದು ಕಾಸೂ ಕಡಿತ ಇಲ್ಲ,' ಎಂದಿತು ಫೋನು.

ಅವನ ಒಂದು ಕೆನ್ನೆಯ ಮೇಲೆ ಇನ್ನೂ ನೊರೆ ಇತ್ತು, ಇನ್ನೊಂದು ನುಣ್ಣಗಾಗಿತ್ತು. ನುಣ್ಣನೆಯ ಕಡೆಗೆ ಫೋನು ಒತ್ತಿಕೊಂಡು ಕನ್ನಡಿ ನೋಡಿದ. ಅರ್ಧ ಮುಖ ಆಗಲೇ ಗೆದ್ದು ಹೊಳೆಯುತ್ತಿತ್ತು. ಉಳಿದರ್ಧಕ್ಕೆ ಸುದ್ದಿ ತಲುಪಿದಂತಿರಲಿಲ್ಲ.

ಫೋನು ಮಾಡಿದವರು ಸಂಸ್ಥೆಯ ನಿರ್ದೇಶಕರು. ಉದ್ಘಾಟನೆಯ ಟೇಪನ್ನೂ ವಿಭಾಗಗಳ ಖರ್ಚನ್ನೂ ಒಂದೇ ಉತ್ಸಾಹದಿಂದ ಕತ್ತರಿಸುವವರಾದ್ದರಿಂದ ಎಲ್ಲರೂ ಬೆನ್ನ ಹಿಂದೆ ಅವರನ್ನು ಕತ್ತರಿ ಎನ್ನುತ್ತಿದ್ದರು. ಸರ್ಕಾರದ ಅನುದಾನ ಮಂಜೂರಾಗಿದೆ, ಅದನ್ನು ಸಾರಲು ಇಲಾಖೆಯ ಕಾರ್ಯದರ್ಶಿ ಮಧ್ಯಾಹ್ನ ಖುದ್ದಾಗಿ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ, ಆ ಲೋಹದ ತುಂಡು ವೇದಿಕೆಯ ಮೇಲೆ ನೀಲಿ ಬಟ್ಟೆಯ ಮೇಲಿರಬೇಕು ಎಂದರು. ಬಟ್ಟೆಯ ಬಣ್ಣವನ್ನು ಎರಡು ಸಲ ಹೇಳಿದರು.

'ಅದು ಇನ್ನೂ ಯಂತ್ರದಲ್ಲಿದೆ ಸಾರ್.'

'ತೆಗೀರಿ.'

ಫೋನಿಟ್ಟ ಸದ್ದಿಗೆ ಹೆಂಡತಿ ಬಚ್ಚಲಿನ ಬಾಗಿಲಿಗೆ ಬಂದಳು. 'ಬಂತೇನೋ?' ಎಂದಳು.

'ಬಂದಿರಬಹುದು,' ಎಂದ ಬಾಯಿಗೆ ಬಂದಂತೆ. ಆಮೇಲೆ ತಿದ್ದಿಕೊಂಡ. 'ಬಂತು.'

ಅವಳು ಬಿದ್ದು ಬಿದ್ದು ನಕ್ಕಳು. ನೊರೆಯ ಕೆನ್ನೆಗೇ ಮುತ್ತಿಟ್ಟು, ಮೂಗಿನ ತುದಿ ಬೆಳ್ಳಗೆ ಮಾಡಿಕೊಂಡು ನಿಂತಳು. ಅವನಿಗೂ ನಗು ಉಕ್ಕಿತು. ಗೆದ್ದೆ ಎಂದುಕೊಂಡ. ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿ ನೋಡಿದ. ಚೆನ್ನಾಗಿತ್ತು.

ಅವನು ಲೋಹಗಳನ್ನು ಅಭ್ಯಾಸ ಮಾಡುವವನು. ಪ್ರತಿ ವರ್ಷವೂ ಅನುದಾನಕ್ಕೆ ಬರೆಯುತ್ತಿದ್ದ, ಪ್ರತಿ ವರ್ಷವೂ ಸಮಿತಿ ತಿರುಗಿಸಿ ಕಳಿಸುತ್ತಿತ್ತು. 'ಬರೆದವರಿಗೇ ನಂಬಿಕೆ ಇದ್ದಂತಿಲ್ಲ' ಎಂದು ಒಮ್ಮೆ ಷರಾ ಬಂದಿತ್ತು. ಕಾರಣ ಅವನ 'ಬಹುದು'. ಫಲ ದೊರೆಯಬಹುದು, ತೂಕ ತಗ್ಗಬಹುದು, ಬಾಳಿಕೆ ಹೆಚ್ಚಬಹುದು. ಅವನ ಮಟ್ಟಿಗೆ ಅದು ಸಂಕೋಚವಲ್ಲ, ಲೆಕ್ಕಾಚಾರ. ಗೊತ್ತಿರುವುದಕ್ಕಿಂತ ಒಂದು ಅಕ್ಷರವೂ ಹೆಚ್ಚು ಹೇಳಬಾರದೆಂದು ಕಲಿತವನು. ಪಾಠದಲ್ಲೂ ಅದೇ ಚಾಳಿ, ಮನೆಯಲ್ಲೂ ಅದೇ. ವಿದ್ಯಾರ್ಥಿಗಳು ಅವನನ್ನು ಬಹುದು ಮೇಷ್ಟ್ರು ಎನ್ನುತ್ತಿದ್ದರು, ಅವನಿಗೆ ಕೇಳಿಸುವಷ್ಟು ಜೋರಾಗಿ.

ಹೆಂಡತಿಯನ್ನು ಕೇಳಿದ್ದೂ ಹಾಗೆಯೇ. ಓದು ಮುಗಿಯುವ ವರ್ಷ, ಬಸ್ಸಿಗೆ ಕಾಯುತ್ತಿದ್ದಾಗ, ರಸ್ತೆ ನೋಡುತ್ತ 'ನಾವು ಮದುವೆ ಆಗಬಹುದು' ಎಂದಿದ್ದ. ಅವಳು ಬಸ್ಸು ಬಿಟ್ಟು ನಿಂತು ಕೇಳಿದ್ದಳು: 'ಇದು ಅಪ್ಪಣೆಯೋ, ಅನುಮಾನವೋ?' ಅವನು ಮುಂದಿನ ಬಸ್ಸಿನ ಹೊತ್ತು ಹೇಳಿದ್ದ. ಅವಳೇ ತೀರ್ಮಾನ ಮಾಡಿಬಿಟ್ಟಳು. ಅಲ್ಲಿಂದ ಈಚೆಗೆ ಸಂಸಾರ ಹಾಗೆಯೇ ಸಾಗಿತ್ತು.

ಈಗ ಅವಳಿಗೆ ಶಾಲೆಯ ಪಠ್ಯಪುಸ್ತಕಗಳನ್ನು ತಿದ್ದುವ ಕೆಲಸ. ಈ ಸಲದ ಅರ್ಜಿಗೆ ಕೆಂಪು ಪೆನ್ನು ಹಿಡಿದು ಕೂತವಳು ಅವಳೇ. ಅಡ್ಡಗೋಡೆಯ ಮೇಲೆ ದೀಪ ಇಡುವವನಿಗೆ ಯಾರು ಕೊಡುತ್ತಾರೆ ಎಂದು ಗೊಣಗುತ್ತ, ಹೇನು ಹೆಕ್ಕುವ ಹಾಗೆ ಬಹುದುಗಳನ್ನು ಹೆಕ್ಕಿದ್ದಳು. 'ಈ ಲೋಹ ದಣಿಯದಿರಬಹುದು' ಎಂಬ ಸಾಲಿಗೆ ಬಂದಾಗ ಅವನು ಮಾತ್ರ ಅವಳ ಕೈ ಹಿಡಿದ. ಅವಳು ಕೈ ಬಿಡಿಸಿಕೊಂಡು ಬರೆದಳು: 'ಈ ಲೋಹ ದಣಿಯುವುದಿಲ್ಲ.'

ಅವನು ಗಟ್ಟಿಯಾಗಿ ಓದಿ ನೋಡಿದ. ಬೇರೆ ಯಾರದೋ ಕೋಟು ತನಗೆ ತನ್ನದಕ್ಕಿಂತ ಚೆನ್ನಾಗಿ ಒಪ್ಪಿದ ಹಾಗಿತ್ತು. ಕಳಿಸಿಬಿಟ್ಟ.

ಸಂಸ್ಥೆಯ ಗೇಟಿನಲ್ಲಿ ಕಾವಲಿನವನು ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ಯಾರೂ ಈವರೆಗೆ ಕಂಡಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬರು ಕೈ ಕುಲುಕಿದರು, ಮೊಗಸಾಲೆಯಲ್ಲಿ ಇನ್ನೊಬ್ಬರು ಅಪ್ಪಿಕೊಂಡರು. ಎದುರು ಕೋಣೆಯ ರಸಾಯನದವನು, ಊಟದ ಮೇಜಿನಲ್ಲಿ ಪ್ರತಿದಿನ 'ಇವತ್ತು ಊಟ ಮಾಡಬಹುದೋ ಸಾರ್?' ಎಂದು ಚುಡಾಯಿಸುವವನು, ಇವತ್ತು ಬಾಗಿಲು ಹಿಡಿದುಕೊಂಡು ನಿಂತ. ಅವನ ಮುಖದ ಹೊಟ್ಟೆಕಿಚ್ಚು ಶುದ್ಧವಾಗಿತ್ತು, ಒಂದು ಚೂರೂ ಕಲಬೆರಕೆ ಇರಲಿಲ್ಲ. ಅದನ್ನು ಕಂಡು ಇವನ ಎದೆ ಉಬ್ಬಿತು. ಇಷ್ಟು ವರ್ಷ ಗೋಡೆಯ ಪಕ್ಕ ನಡೆಯುತ್ತಿದ್ದವನು ಮೊಗಸಾಲೆಯ ನಡುವೆ ನಡೆದ. ಅದು ಅಷ್ಟು ಅಗಲವಾಗಿದೆಯೆಂದು ಅವನಿಗೆ ತಿಳಿದೇ ಇರಲಿಲ್ಲ.

ಪ್ರಯೋಗಶಾಲೆಯ ಸದ್ದು ಬಾಗಿಲಿಗೆ ಮೊದಲೇ ಕೇಳುತ್ತಿತ್ತು. ಧಡ್, ಧಡ್, ಧಡ್.

ಲೋಹಕ್ಕೂ ದಣಿವಾಗುತ್ತದೆ. ಒಂದೇ ಸಲ ಜೋರಾಗಿ ಎಳೆದರೆ ಮುರಿಯದ ಉಕ್ಕನ್ನು ಮೆಲ್ಲಗೆ, ಮತ್ತೆ ಮತ್ತೆ, ಎಳೆದು ಬಿಟ್ಟು ಮಾಡುತ್ತಿದ್ದರೆ ಒಳಗೆಲ್ಲೋ ಬಿರುಕು ಹುಟ್ಟಿ ಒಂದು ದಿನ ಪಟ್ಟೆಂದು ಮುರಿಯುತ್ತದೆ. ಸೇತುವೆಗಳು ಹಾಗೆ ಬೀಳುತ್ತವೆ, ರೈಲಿನ ಅಚ್ಚುಗಳು ಹಾಗೆ ತುಂಡಾಗುತ್ತವೆ. ಈ ಕೋಣೆಯಲ್ಲಿ ನಡೆಯುವುದು ಆ ಕೆಲಸವೇ. ಯಂತ್ರದ ಎರಡು ದವಡೆಗಳು, ಅವುಗಳ ನಡುವೆ ಬೆರಳುದ್ದದ ತುಂಡು. ಮುರಿಯುವವರೆಗೆ ಎಳೆಯುವುದು, ಬಿಡುವುದು. ಮುರಿದಾಗ ಗ್ರಾಫಿನಲ್ಲಿ ಒಂದು ಚುಕ್ಕೆ ಇಡುವುದು. ಮುರಿಯುವ ಮೊದಲೇ ನಿಲ್ಲಿಸಿದರೆ ಚುಕ್ಕೆಗೆ ಬಲಗಡೆ ಒಂದು ಬಾಣ ಹಾಕುವುದು ಅವರ ಪದ್ಧತಿ. ಇದು ಇನ್ನೂ ಮುಂದೆ ಹೋಗುತ್ತಿತ್ತು, ನಾವು ನಿಲ್ಲಿಸಿದೆವು ಎಂದು ಅದರ ಅರ್ಥ. ಎಷ್ಟು ಮುಂದೆ ಎಂದು ಬಾಣ ಹೇಳುವುದಿಲ್ಲ.

ಈ ತುಂಡು ತಿಂಗಳುಗಟ್ಟಲೆ ಹಗಲೂ ರಾತ್ರಿ ಓಡುತ್ತಿತ್ತು. ಜೊತೆಯವನ್ನೆಲ್ಲ ಬೇರೆ ಪರೀಕ್ಷೆಗಳಿಗೆ ಕೊಯ್ದು, ಉಜ್ಜಿ, ಆಮ್ಲದಲ್ಲಿ ಮುಳುಗಿಸಿ ಮುಗಿಸಿದ್ದರು. ಉಳಿದದ್ದು ಇದೊಂದೇ. ಇದರ ಪಕ್ಕದಲ್ಲೇ ಬೀಡುಬಿಟ್ಟಿದ್ದ ಸಂಶೋಧನಾ ವಿದ್ಯಾರ್ಥಿನಿಯನ್ನು ಎಲ್ಲರೂ ನಿದ್ದೆಗೇಡಿ ಎಂದು ಕರೆಯುತ್ತಿದ್ದರು. ಅವಳ ಪಿಎಚ್‌ಡಿ ಆ ತುಂಡಿಗೆ ಜೋತುಬಿದ್ದಿತ್ತು.

ನಿದ್ದೆಗೇಡಿ ಅಭಿನಂದನೆ ಹೇಳಿದಳು. ಹೇಳಿ ಮುಗಿಯುವ ಮೊದಲೇ ಅವನನ್ನು ಗಣಕದ ಪರದೆಯ ಮುಂದೆ ಕರೆದುಕೊಂಡು ಹೋದಳು. ಅಲ್ಲಿ ತುಂಡು ಎಷ್ಟು ಹಿಗ್ಗುತ್ತಿದೆಯೆಂದು ತೋರಿಸುವ ಹಸಿರು ಗೆರೆ ಹಾಸಿಗೆಯ ಮೇಲೆ ಮಲಗಿದ ಹಾಗೆ ಉದ್ದಕ್ಕೂ ನೇರವಾಗಿತ್ತು. ಅದರ ತುದಿಯನ್ನು ಅವಳು ಬೆರಳಿನಿಂದ ತೋರಿಸಿದಳು.

'ಬೆಳಗ್ಗೆಯಿಂದ ಬಾಗ್ತಾ ಇದೆ ಸಾರ್.'

ಬಾಗಿತ್ತು. ಕೂದಲೆಳೆಯಷ್ಟು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಗೆರೆ ಹಾಗೆಯೇ ಇತ್ತು.

'ಕೋಣೆ ಬಿಸಿಯಾಗಿರೋದಕ್ಕೆ ಇರಬಹುದು,' ಎಂದ.

'ಬಿರುಕೂ ಇರಬಹುದು.'

ಆ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಹೆಮ್ಮೆಯಾಯಿತು, ಕೂಡಲೇ ಸಿಟ್ಟೂ ಬಂತು. ಕಲಿಸಿದವನು ತಾನೇ. ಇವತ್ತು ಒಂದು ದಿನ ಕಲಿಸದೆ ಇದ್ದಿದ್ದರೆ ಏನಾಗುತ್ತಿತ್ತು ಎನ್ನಿಸಿತು.

ಸಂಜೆಯವರೆಗೆ ಓಡಲು ಬಿಟ್ಟರೆ ಗೊತ್ತಾಗುತ್ತದೆ ಎಂದಳು. ಬಿರುಕೇ ಆದರೆ ಗೆರೆ ಇನ್ನೂ ಬಾಗುತ್ತದೆ, ಅಲ್ಲವಾದರೆ ತಾನಾಗಿ ನೇರವಾಗುತ್ತದೆ. ಅವನು ನೀಲಿ ಬಟ್ಟೆಯ ವಿಷಯ ಹೇಳಿದ. ಅವಳು ತುಟಿ ಕಚ್ಚಿಕೊಂಡಳು. ಒಮ್ಮೆ ದವಡೆಯಿಂದ ಬಿಚ್ಚಿದರೆ ಮತ್ತೆ ಅದೇ ರೀತಿ ಕೂರಿಸಲು ಆಗುವುದಿಲ್ಲವೆಂದು ಅವನಿಗೆ ಹೇಳಬೇಕಾದ ಅಗತ್ಯವಿರಲಿಲ್ಲ.

'ಮುರಿದ್ರೆ ತಾನೆ ಸಾರ್ ಗೊತ್ತಾಗೋದು?' ಎಂದಳು. ಯಂತ್ರದ ಗುಂಡಿಯ ಹತ್ತಿರ ಕೈ ಒಯ್ದು ಕೇಳಿದಳು: 'ನಿಲ್ಲಿಸಬಹುದಾ?'

ಧಡ್, ಧಡ್. ತುಂಡು ಸಣ್ಣಗೆ ಹೊಳೆಯುತ್ತಿತ್ತು. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ.

'ನಿಲ್ಲಿಸಬಹುದು,' ಎಂದು ಹೇಳಿ ಅವನು ಹೊರಗೆ ಬಂದುಬಿಟ್ಟ.

ಮೊಗಸಾಲೆಯಲ್ಲಿ ಕೆಲವು ಹೆಜ್ಜೆ ಹಾಕಿದ ಮೇಲೆ, ತಾನು ಹೇಳಿದ್ದೇನು ಎಂದು ಅವನೇ ಯೋಚಿಸಿದ. ಅಪ್ಪಣೆಯೋ, ಅನುಮಾನವೋ? ನಿಲ್ಲಿಸು ಎಂದದ್ದೋ? ಇಲ್ಲವೇ, ನಿಲ್ಲಿಸುವುದೂ ಒಂದು ದಾರಿ, ಯೋಚಿಸೋಣ ಎಂದದ್ದೋ? ಹಿಂದಿರುಗಿ ಹೋಗಿ ಬಿಡಿಸಿ ಹೇಳಬಹುದಿತ್ತು. ಬಾಗಿಲು ದೂರವೇನೂ ಇರಲಿಲ್ಲ. ಅಷ್ಟರಲ್ಲಿ ಫೋಟೋದವನು ಎದುರಾಗಿ, ಕಿಟಕಿಯ ಬೆಳಕಿಗೆ ನಿಲ್ಲಿ, ಗಲ್ಲ ಎತ್ತಿ, ನಗಿ ಎಂದ. ಅವನು ಗಲ್ಲ ಎತ್ತಿದ. ನಗುತ್ತಿರುವಾಗ ಹಿಂದಿನ ಸದ್ದು ನಿಂತಿತು.

ತಿಂಗಳುಗಳಿಂದ ಆ ಕಟ್ಟಡ ಅಷ್ಟು ನಿಶ್ಶಬ್ದವಾಗಿರಲಿಲ್ಲ. ಅವನಿಗೆ ಹಾಯೆನಿಸಿತು. ತಲೆಯ ಮೇಲಿನ ಮೂಟೆ ಯಾರೋ ಇಳಿಸಿದಂತೆ ಮೈ ಹಗುರಾಯಿತು. ಆ ನಗು ಪತ್ರಿಕೆಯಲ್ಲಿ ಬಹಳ ಚೆನ್ನಾಗಿ ಬರಲಿತ್ತು.

ಸಭಾಂಗಣ ಕಿಕ್ಕಿರಿದಿತ್ತು. ಕಾರ್ಯದರ್ಶಿ ಎತ್ತರದ, ಉಲ್ಲಾಸದ ಮನುಷ್ಯ. ಕೈಗೆ ಹೂಗುಚ್ಛ ಬಂದರೆ ಅದನ್ನು ಪಕ್ಕದವರಿಗೆ ದಾಟಿಸುವುದರಲ್ಲಿ ಪಳಗಿದವರು. ಹಾಗೆ ದಾಟಿ ದಾಟಿ ಎಲ್ಲ ಹೂವೂ ಅವನ ಮಡಿಲಿಗೇ ಬಂತು. ಅವರು ನೀಲಿ ಬಟ್ಟೆಯ ಮೇಲಿನ ತುಂಡನ್ನು ಎತ್ತಿ, ಎರಡು ಕೈಯಿಂದ ಬಗ್ಗಿಸುವಂತೆ ನಟಿಸಿ, ಸೋತವರ ಹಾಗೆ ಉಸಿರು ಬಿಟ್ಟರು. ಸಭೆ ನಕ್ಕಿತು.

'ನಾವು ದಣೀತೀವಿ, ಸರ್ಕಾರ ದಣಿಯುತ್ತೆ,' ಎಂದರು, 'ಇದು ದಣಿಯೋದಿಲ್ಲ. ಇದನ್ನ ನಾನು ಜೊತೇಲಿ ತಗೊಂಡು ಹೋಗ್ತೀನಿ. ನಮ್ಮ ಕಚೇರಿ ಬಾಗಿಲಲ್ಲಿ, ಗಾಜಿನ ಪೆಟ್ಟಿಗೆಯಲ್ಲಿರಲಿ.'

ಕತ್ತರಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

ಗಾಜಿನ ಪೆಟ್ಟಿಗೆ. ಇನ್ನು ಅದನ್ನು ಯಾರೂ ಎಳೆಯುವುದಿಲ್ಲ, ಕೊಯ್ದು ಒಳಗೆ ನೋಡುವುದಿಲ್ಲ. ಒಳಗೆ ಬಿರುಕು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವನ ಮಾತು ಎಂದೆಂದಿಗೂ ನಿಜವಾಗಿ ಉಳಿಯಿತು. ಅವನು ಎದ್ದು ಧ್ವನಿವರ್ಧಕದ ಮುಂದೆ ಹೋದ. ಈ ಲೋಹ ಸೇತುವೆಗಳನ್ನು ಹೊರುತ್ತದೆ ಎಂದ. ರೈಲುಗಳನ್ನು ಓಡಿಸುತ್ತದೆ ಎಂದ. ವಾಕ್ಯಗಳು ಒಂದರ ಹಿಂದೊಂದು, ತೊದಲದೆ, ಬಾಗದೆ ಬಂದವು. ಇಷ್ಟು ಸುಲಭವಿತ್ತೆಂದು ಮೊದಲೇ ಯಾಕೆ ಯಾರೂ ಹೇಳಲಿಲ್ಲ ಎನ್ನಿಸಿತು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ರಸಾಯನದವನೂ ಎದ್ದ. ಇವನ ಕಣ್ಣು ತುಂಬಿತು. ಸುಳ್ಳು ಕಣ್ಣೀರಲ್ಲ, ನಿಜವಾಗಿ ಸಂತೋಷವಾಗಿತ್ತು.

ಮೂರನೆಯ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಕೈ ಚಪ್ಪಾಳೆ ಹೊಡೆಯುತ್ತಿದ್ದರೂ ಅವಳ ಕಣ್ಣು ಕರಡಚ್ಚು ಓದುವಾಗಿನಂತೆ ಅವನ ಮುಖದ ಮೇಲೆ ಸಾಲು ಸಾಲಾಗಿ ಸರಿಯುತ್ತಿತ್ತು.

ಹೊರಬಾಗಿಲಲ್ಲಿ ನಿದ್ದೆಗೇಡಿ ಕಾದಿದ್ದಳು.

'ನೀವು ನಿಲ್ಲಿಸು ಅಂದ್ರಿ ಅಂದ್ಕೊಂಡೆ ಸಾರ್.'

'ಒಳ್ಳೇದೇ ಆಯ್ತಲ್ಲ.'

'ಕೊನೇಲಿ ಗೆರೆ ಎಲ್ಲಿತ್ತು ಅಂತ ನೀವು ಕೇಳಲೇ ಇಲ್ಲ.'

ಅವನು ಆಗಲೂ ಕೇಳಲಿಲ್ಲ. ಹೊಸ ತುಂಡುಗಳನ್ನು ಮಾಡೋಣ, ಹೊಸ ಯಂತ್ರವನ್ನೇ ತರಿಸೋಣ, ಇನ್ನೇನು ಕೊರತೆ ಎಂದ. ಅವಳು ತಲೆಯಾಡಿಸಿದಳು. ಕೇಳಿಸಿಕೊಂಡದ್ದಕ್ಕೆ, ಒಪ್ಪಿದ್ದಕ್ಕಲ್ಲ.

'ಗ್ರಾಫಿನಲ್ಲಿ ಬಾಣ ಹಾಕ್ಲಾ?'

'ಹಾಕ...' ಎಂದವನು ತಡೆದ. ಅವಳು ನೆಟ್ಟ ನೋಟದಿಂದ ಅವನ ಬಾಯಿಯನ್ನೇ ನೋಡುತ್ತಿದ್ದಳು.

'ಹಾಕು,' ಎಂದ.

ಅವಳು ಪ್ರಯೋಗಶಾಲೆಯ ಕಡೆಗೆ ಹೋದಳು. ಅವಳಿಗೆ ತಾನು ಈವರೆಗೆ ಕೊಟ್ಟ ಮೊದಲ ಸ್ಪಷ್ಟ ಆಜ್ಞೆ ಇದು ಎಂದು ಅವನಿಗೆ ಹೊಳೆಯಿತು. ಅದಕ್ಕೂ ಸ್ವಲ್ಪ ಖುಷಿಯೇ ಆಯಿತು.

ಹೆಂಡತಿ ಮೆಟ್ಟಿಲ ಮೇಲೆ ಅವನ ಅಂಗಿಯ ಕಾಲರು ಸರಿಮಾಡಿದಳು. 'ಖುಷಿಯಾಯ್ತಾ?' ಎಂದು ಮೆಲ್ಲಗೆ ಕೇಳಿದಳು.

'ಆಗಿದೆ,' ಎಂದ. ಧ್ವನಿ ಇನ್ನೂ ವೇದಿಕೆಯದೇ ಇತ್ತು. ಮುಂದೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಅವಳ ಬೆರಳು ಕಾಲರಿನಲ್ಲೇ ನಿಂತಿತು. 'ಹಳೇ ಥರ ಹೇಳೋ ಒಂದ್ಸಲ.'

ಇದೇನು ಮಹಾ ಎಂದು ಅವನು ಬಾಯಿ ತೆರೆದ. 'ಆಗಿರ...' ಎನ್ನುವವರೆಗೆ ನಾಲಿಗೆ ಬಂತು. ಮುಂದಿನದು, ಇಷ್ಟು ವರ್ಷ ತಾನಾಗಿಯೇ ಬಂದು ಕೂರುತ್ತಿದ್ದದ್ದು, ಬರಲಿಲ್ಲ. ನಕ್ಕುಬಿಟ್ಟ. ಅವಳೂ ನಕ್ಕಳು, ತಪ್ಪು ಕಣ್ಣಿಗೆ ಬಿದ್ದರೂ ಅಚ್ಚಿಗೆ ಹೋಗಲಿ ಎಂದು ಬಿಟ್ಟವಳ ಹಾಗೆ. ಚೀಲ ಒಳಗೇ ಬಿಟ್ಟಿದ್ದೇನೆ, ತರುತ್ತೇನೆ ಎಂದು ಹೇಳಿ ಅವನು ಹಿಂದಕ್ಕೆ ತಿರುಗಿದ. ಹೂಗುಚ್ಛಗಳಲ್ಲಿ ಒಂದು ಕೈಯಲ್ಲೇ ಉಳಿದಿತ್ತು.

ಮೊಗಸಾಲೆ ಖಾಲಿಯಾಗಿತ್ತು. ಅವನು ಅದರ ನಡುವೆಯೇ ನಡೆದ. ಅರ್ಧ ದಾರಿಯಲ್ಲಿ ಕಾಲು ತಾನಾಗಿ ನಿಂತಿತು.

ಧಡ್, ಧಡ್, ಧಡ್.

ನಿದ್ದೆಗೇಡಿ ಹೊರಬಾಗಿಲಲ್ಲಿ ಹೇಳಿದ್ದು ಆ ಕ್ಷಣ ಅವನಿಗೆ ಮರೆತೇಹೋಯಿತು. ಹಾಗಾದರೆ ತೆಗೆದಿಲ್ಲ. ವೇದಿಕೆಯ ಮೇಲಿದ್ದದ್ದು ಬೇರೆ ಯಾವುದೋ ತುಂಡು. ಅವಳು ಬುದ್ಧಿವಂತೆ, ಕಲಿತವಳು, ಅವನ ಮಾತನ್ನು ಅನುಮಾನವೆಂದೇ ತಿಳಿದಿದ್ದಾಳೆ. ಇಡೀ ದಿನದಲ್ಲಿ ಒಮ್ಮೆಯೂ ಓಡದವನು ಓಡಿದ. ಬಾಗಿಲನ್ನು ಮೊಣಕೈಯಿಂದ ತಳ್ಳಿದ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಗ್ರಾಫಿನಲ್ಲಿ ಹೊಸ ಬಾಣ ಇತ್ತು, ಶಾಯಿ ಇನ್ನೂ ಆರಿರಲಿಲ್ಲ. ಅದರ ಮುಂದೆ ಹಾಳೆ ಬೋಳಾಗಿತ್ತು. ಯಂತ್ರದ ಎಣ್ಣೆ ತಣ್ಣಗಾಗಿ ಗಟ್ಟಿಯಾಗದಿರಲಿ ಎಂದು, ತುಂಡು ತೆಗೆದ ಮೇಲೆ ಹಾಗೆಯೇ ಓಡಲು ಬಿಡುವುದು ಅವರ ಅಭ್ಯಾಸ. ಅವನೇ ಕಲಿಸಿದ್ದು. ಎರಡು ದವಡೆಗಳು ಹತ್ತಿರ ಬರುತ್ತಿದ್ದವು, ದೂರ ಹೋಗುತ್ತಿದ್ದವು. ನಡುವೆ ಏನೂ ಇರಲಿಲ್ಲ. ಎಳೆತಗಳನ್ನು ಎಣಿಸುವ ಗಡಿಯಾರ ಅದನ್ನೂ ಎಣಿಸುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆ ಉದ್ದಕ್ಕೂ ನೇರವಾಗಿ, ಒಂದು ಕೂದಲೆಳೆಯೂ ಬಾಗದೆ ಹೋಗುತ್ತಿತ್ತು.

ಹೊರಗೆ ಯಾರೋ ಅವನಿಗಾಗಿ ಮತ್ತೆ ಚಪ್ಪಾಳೆ ತಟ್ಟುತ್ತಿದ್ದರು. ಹೆಂಡತಿ ಹೆಸರು ಹಿಡಿದು ಕರೆದಂತಾಯಿತು. ಅವನು ಸ್ಟೂಲನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡು, ಹೂಗುಚ್ಛವನ್ನು ಎದೆಗೆ ಹಿಡಿದು, ಅಲ್ಲಿಲ್ಲದ ತುಂಡು ಮುರಿಯುವುದನ್ನು ಕಾಯುತ್ತ ಕೂತ.