ಹೇಳದೆ ಆರಬಾರದು

ಎರಡನೇ ಮಹಡಿಯ ತಿರುವಿನಲ್ಲಿ ಹೊತ್ತವರು ಒಂದು ಗಳಿಗೆ ನಿಂತರು. ಸ್ಟ್ರೆಚರು ಗೋಡೆಗೆ ತಗುಲದಂತೆ ಓರೆ ಮಾಡಬೇಕಿತ್ತು. ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಮೂವತ್ತೆರಡು ವರ್ಷ ಲಿಫ್ಟು ರಿಪೇರಿ ಮಾಡಿದವರನ್ನು ಮೆಟ್ಟಿಲಲ್ಲಿ ಇಳಿಸುವಂತಾಯಿತಲ್ಲ ಎಂದು ಎದುರುಮನೆಯಾತ ಮೆಲ್ಲಗೆ ಅಂದ. ಹಿಂದೆ ಬರುತ್ತಿದ್ದ, ತೀರಿಕೊಂಡವರ ಹೆಂಡತಿಗೆ ಕೇಳಿಸಿತು. ಅವರಿದ್ದಿದ್ದರೆ ಈ ಮಾತಿಗೆ ಮೊದಲು ನಗುತ್ತಿದ್ದವರು ಅವರೇ ಎಂದಳು.

ಕೆಳಗೆ ವ್ಯಾನಿನ ಪಕ್ಕ ಉದ್ದಣ್ಣ ನಿಂತಿದ್ದ. ಸತ್ತ ಮೆಕ್ಯಾನಿಕ್ಕನ ಜೊತೆ ಹದಿನೈದು ವರ್ಷ ದುಡಿದವನು. ಕೆಲಸ ಮಾಡುವಾಗ ಬಿದ್ದು ಎಡಗಾಲಿನ ಸ್ವಾಧೀನ ತಪ್ಪಿದ ಮೇಲೆ ಕಂಪನಿಯ ಗೋದಾಮಿಗೆ ಸೇರಿದ್ದ. ಮೂರು ಮಹಡಿ ಹತ್ತಿ ಆ ಮನೆಯವರಿಗೆ ಮುಖ ತೋರಿಸಲು ಧೈರ್ಯ ಸಾಲದೆ ಬೆಳಗಿನಿಂದ ಅಲ್ಲೇ ಇದ್ದ. ಆ ಮನೆಯ ಮಗಳು ಕುರ್ಚಿ ತಂದುಕೊಟ್ಟರೂ ಕೂತಿರಲಿಲ್ಲ.

*

ಉದ್ದಣ್ಣನ ಟಾರ್ಚು ಮೆಕ್ಯಾನಿಕ್ಕೇ ಮಾಡಿಕೊಟ್ಟದ್ದು. ಅಂಗಡಿಯ ಟಾರ್ಚಿನ ತಲೆ ಬಿಚ್ಚಿ, ಒಂದು ಎಲ್‌ಇಡಿ ಇದ್ದ ಜಾಗಕ್ಕೆ ಮೂರು ಎಲ್‌ಇಡಿಗಳ ಬಿಲ್ಲೆ ಬೆಸೆದಿದ್ದ. ಗ್ಲೌಸು ಹಾಕಿದ ಬೆರಳಿಗೂ ಸಿಗಲೆಂದು ಹಿಂಬದಿಗೆ ಅಗಲವಾದ ಸ್ವಿಚ್ಚು. ಉದ್ದಣ್ಣ ಅದನ್ನು ಕಂಡಕಂಡವರಿಗೆಲ್ಲ ತೋರಿಸಿಕೊಂಡು ತಿರುಗಿದ್ದ.

ಒಂದು ಮಧ್ಯಾಹ್ನ ಹಳೆಯ ಕಟ್ಟಡವೊಂದರಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಆ ಟಾರ್ಚು ಮಿನುಗದೆ, ಮಂಕಾಗದೆ, ಒಂದೇ ಸಲಕ್ಕೆ ಆರಿತು. ಉದ್ದಣ್ಣ ಕಾಲಿಟ್ಟ ಕಡೆ ಏನೂ ಇರಲಿಲ್ಲ.

ಆಸ್ಪತ್ರೆಯ ಮಂಚದ ಪಕ್ಕ ಕೂತು ಮೆಕ್ಯಾನಿಕ್ ಅತ್ತಿದ್ದ. ತಪ್ಪು ತನ್ನ ಟಾರ್ಚಿನದೇ ಎಂದಿದ್ದ. ಆಮೇಲೆ ಒಂದು ವರ್ಷ ಮನೆಯ ಮೇಜಿನಿಂದ ಏಳಲಿಲ್ಲ. ಸೆಲ್ಲಿನಿಂದ ಎಲ್‌ಇಡಿಗೆ ಎಷ್ಟು ಕರೆಂಟು ಹೋಗಬೇಕೆಂದು ನೋಡಿಕೊಳ್ಳುವ ನಾಣ್ಯದಷ್ಟಗಲದ ಸರ್ಕ್ಯೂಟಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ತಾನೇ ಕಟ್ಟಲು ಹೊರಟ. ಎಷ್ಟೋ ಸುಟ್ಟವು. ಮೇಜಿನ ಬಟ್ಟೆಯೂ ಸುಟ್ಟಿತು. ಕೊನೆಗೊಂದು ಒಲಿಯಿತು: ಸೆಲ್ಲು ಸೋಲುತ್ತಿದ್ದಂತೆ ಎರಡು ಸಲ ಮಿನುಗಿ, ಆಮೇಲೆ ಅರ್ಧ ಗಂಟೆ ಮಂದವಾಗಿ ಉರಿಯುತ್ತಿತ್ತು. ಲಿಫ್ಟು ಓಡಾಡುವ ಬಾವಿಯಂಥ ಗುಂಡಿಯಿಂದ ಹತ್ತಿ ಬರಲು ಅಷ್ಟು ಹೊತ್ತು ಧಾರಾಳ. ಕಂಪನಿಯ ಒಬ್ಬೊಬ್ಬರ ಟಾರ್ಚನ್ನೂ ಕೇಳಿ ಪಡೆದು ಅದನ್ನು ಕೂರಿಸಿಕೊಟ್ಟ.

ಇನ್ನೂ ಪ್ರಖರವಾಗಿ ಮಾಡಿಕೊಡಿ ಎಂದವರಿಗೆ ಅವನದು ಒಂದೇ ಉತ್ತರ: "ಅಂಥದ್ದು ಅಂಗಡೀಲಿ ಸಿಗುತ್ತೆ. ಇದು ಹೇಳ್ದೆ ಆರಲ್ಲ, ಅಷ್ಟೆ."

*

ಸ್ಟ್ರೆಚರನ್ನು ವ್ಯಾನಿಗೆ ಏರಿಸಿದ ಮೇಲೆ ಉದ್ದಣ್ಣ ಮೆಕ್ಯಾನಿಕ್ಕನ ಹೆಂಡತಿಯ ಹತ್ತಿರ ಬಂದ.

"ಅತ್ತಿಗೆ, ಇವತ್ತಾದ್ರೂ ಹೇಳ್ಬೇಕು. ಅವತ್ತು ಟಾರ್ಚಲ್ಲಿ ಅವನು ಕೊಟ್ಟ ಸೆಲ್ ಇರ್ಲಿಲ್ಲ. ಅದನ್ನ ಮನೇಲಿ ಚಾರ್ಜಿಗೆ ಹಾಕಿ ಮರೆತು ಬಂದಿದ್ದೆ. ಯಾವುದೋ ಹಳೇದು ತುರುಕಿಕೊಂಡು ಹೋದೆ. ಅವನು ಅಳ್ತಾ ಕೂತಿದ್ದಾಗ್ಲೂ ನಾನು ಬಾಯಿ ಬಿಡ್ಲಿಲ್ಲ."

"ಅವರಿಗೆ ಗೊತ್ತಿತ್ತು," ಎಂದಳು ಅವಳು.

ಮಗಳು ಅಮ್ಮನ ಮುಖ ನೋಡಿದಳು.

"ಅವತ್ತೇ ಬಿಚ್ಚಿ ನೋಡಿದ್ರು. ಆ ಸೆಲ್ ನನಗೂ ತೋರಿಸಿದ್ರು."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ನಾನೂ ಅದನ್ನೇ ಅಂದೆ. ಕಾಲು ಕಳ್ಕೊಂಡೋನ್ನ ಏನಂತ ಕೇಳ್ಲಿ ಅಂದ್ರು. ಆತುರದಲ್ಲಿ ಯಾರಾದ್ರೂ ಹಳೇ ಸೆಲ್ ಹಾಕೇ ಹಾಕ್ತಾರೆ, ಟಾರ್ಚಿಗೆ ಅದು ಗೊತ್ತಾಗ್ಬೇಕಿತ್ತು ಅಂದ್ರು."

ಉದ್ದಣ್ಣ ತಾನಿನ್ನು ಮನೆಗೆ ಹೋಗುವುದಾಗಿ ಹೇಳಿದ. ವ್ಯಾನಿನ ಹಿಂದೆ ಮನೆಯವರಿಗಷ್ಟೇ ಜಾಗ ಎಂದು ಡ್ರೈವರೂ ಮೊದಲೇ ಹೇಳಿಬಿಟ್ಟಿದ್ದ. ಅವಳು ಮಗಳಿಗೆ ಸರಿದು ಕೂರಲು ಹೇಳಿ ಅವನ ತೋಳು ಹಿಡಿದು ಹತ್ತಿಸಿದಳು.

ರಸ್ತೆ ಕೆಟ್ಟಿತ್ತು. ವ್ಯಾನು ಒಂದೊಂದು ತಿರುವಿಗೆ ವಾಲಿದಾಗಲೂ ಉದ್ದಣ್ಣ ಮುಂದಕ್ಕೆ ಬಾಗಿ, ಬಿಳಿ ಬಟ್ಟೆಯೊಳಗಿನ ಆ ಎರಡು ಪಾದಗಳನ್ನು ಅಲುಗದ ಹಾಗೆ ಹಿಡಿದುಕೊಳ್ಳುತ್ತಿದ್ದ.