ದೇವರ ಮೊಳೆ

ಹಳೆಯ ಪಿಕಪ್ ಗಾಡಿಯ ಒಳದೀಪಕ್ಕೆ ಮೆಕ್ಯಾನಿಕ್ ಮೌಲಾಲಿ ಹಾಕಿದ ಮೂರನೆಯ ಫ್ಯೂಜೂ ಸುಟ್ಟಿತು.

“ನನ್ನ ಚಲೋ ವಾಯರ್ ಕದ್ದು ಹಳೇದು ಹಾಕಿದಿ. ಮಾಡಗ್ಯಾಳ ಸಂತ್ಯಾಗ ಎಲ್ಲಾರಿಗೂ ಹೇಳೀನಿ,” ಎಂದ ಉಣ್ಣೆ ವ್ಯಾಪಾರಿ ಶಂಕರೆಪ್ಪ. ಆ ಮಾತು ಹಬ್ಬಿದ ಮೇಲೆ ಮೌಲಾಲಿಯ ಬಳಿ ಬೇರೆ ಗಾಡಿ ಬಂದಿರಲಿಲ್ಲ.

ಮೌಲಾಲಿ ತಂತಿಯ ಜಾಡು ಹಿಡಿದ. ಖಂಡೇನವಮಿಯ ಗಾಡಿಪೂಜೆಗೆ ದೇವರ ಪಟ ತೂಗುಹಾಕಲು ಶಂಕರೆಪ್ಪನೇ ಒಳಗಿನ ತಗಡಿಗೆ ಹೊಡೆದಿದ್ದ ಮೊಳೆ ತಂತಿಯ ಹೊದಿಕೆ ಸೀಳಿ ಒಳಗೆ ತಾಗಿತ್ತು.

“ನೀವ ಹೊಡದ ಮೊಳಿ, ಸಾವ್ಕಾರ್ರ. ದೇವರದು, ನಾ ಮುಟ್ಟಂಗಿಲ್ಲ. ಮುಟ್ಟಿದ್ರ ಅದನ್ನೂ ಸಂತ್ಯಾಗ ಹೇಳ್ತೀರಿ. ನೀವ ಕೀಳ್ರಿ.”

ಶಂಕರೆಪ್ಪ ಪಟ ಇಳಿಸಿ ಮೊಳೆ ಕಿತ್ತ. ಮೌಲಾಲಿ ತಂತಿಗೆ ಟೇಪು ಸುತ್ತಿ ಹೊಸ ಫ್ಯೂಜ್ ಹಾಕಿದ. ದೀಪ ಹತ್ತಿತು. ಮುಸ್ಸಂಜೆಯಲ್ಲಿ ಇಬ್ಬರ ಮುಖಗಳೂ ಕಂಡವು.

“ಸಂತಿ ಮತ್ತ ಯಾವಾಗರಿ?” ಎಂದ ಮೌಲಾಲಿ.

ಶಂಕರೆಪ್ಪ ದೀಪ ಆರಿಸಿದ.