ಒಲೆಯ ಎಡಗಡೆಯ ಜಾಗ

ಬೀದಿಯವರೆಲ್ಲ ಸಿಸ್ಟರಮ್ಮ ಎಂದು ಕರೆಯುವ ಆ ನರ್ಸಿಗೆ ಆಸ್ಪತ್ರೆಯಲ್ಲಿ ಕೂರುವುದಕ್ಕೆ ಪುರುಸೊತ್ತೇ ಇಲ್ಲ. ಹಗಲೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ವಾರ್ಡು ಸುತ್ತಿ, ಸಂಜೆ ಮನೆಗೆ ಬಂದು, ಚೀಲ ಬಿಸಾಕಿ, ನೇರ ಅಡುಗೆಮನೆಗೆ ನಡೆದು, ಒಲೆಯ ಎಡಗಡೆ ಕಟ್ಟೆ ಹತ್ತಿ ಕೂತಳೆಂದರೆ ಅವಳ ದಿನ ಮುಗಿಯಿತು. ಪಡಸಾಲೆಯಲ್ಲಿ ಸೋಫಾ ಇದೆ, ಒಳ್ಳೆಯ ಕುರ್ಚಿಗಳಿವೆ. ಅವೆಲ್ಲ ನೆಂಟರಿಗೆ.

ಅವಳ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಂಜೆ ಮಿಷನ್ನಿಗೆ ಮುಸುಕು ಹಾಕಿ ಅಡುಗೆಗೆ ನಿಲ್ಲುವವನು ಅವನೇ. ಕುತ್ತಿಗೆಯ ಟೇಪು ತೆಗೆಯಲು ಮರೆತು ಈರುಳ್ಳಿ ಹೆಚ್ಚುತ್ತಾನೆ. ಟೇಪಿನ ತುದಿ ಎಷ್ಟೋ ಸಲ ಪಾತ್ರೆಯಲ್ಲಿ ಅದ್ದಿಹೋಗಿ ಮೊದಲ ಎರಡು ಇಂಚು ಓದಲಿಕ್ಕೇ ಬರುವುದಿಲ್ಲ. ಮಾತು ಮಹಾ ಕಮ್ಮಿ. ಹೆಂಡತಿ ಕಟ್ಟೆಯ ಮೇಲೆ ಕಾಲು ಆಡಿಸುತ್ತಾ, ಚಹಾ ಚೆಲ್ಲುತ್ತಾ, ವಾರ್ಡಿನ ಕಥೆಯನ್ನೆಲ್ಲ ಕೈಬಾಯಿ ತಿರುಗಿಸಿ ಹೇಳುತ್ತಿದ್ದರೆ ಅವನದು ಒಂದೇ ಮಾತು: "ಹ್ಞೂಂ, ಆಮೇಲೆ?"

ಇದು ಶುರುವಾದದ್ದು ಮದುವೆಯಾದ ಹೊಸದರಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಅಲ್ಲಿ ಕುರ್ಚಿಯೇ ಇರಲಿಲ್ಲ. ಆಮೇಲೆ ಕುರ್ಚಿ ಬಂತು, ಮಗಳು ಬಂದಳು, ಸ್ವಂತ ಮನೆ ಬಂತು; ಅಭ್ಯಾಸ ಮಾತ್ರ ಅವರ ಜೊತೆಗೇ ಸಾಮಾನು ಕಟ್ಟಿಕೊಂಡು ಬಂತು. ಮಗಳನ್ನು ಯಾವ ಶಾಲೆಗೆ ಸೇರಿಸುವುದು, ಯಾವ ನೆಂಟರ ಜೊತೆ ಮಾತು ಬಿಡುವುದು, ಎಲ್ಲ ತೀರ್ಮಾನವೂ ಆ ಕಟ್ಟೆಯ ಮೇಲೆಯೇ.

ಈಚೆಗೆ ಮಾತ್ರ ಸಿಸ್ಟರಮ್ಮನ ಮೊಣಕಾಲು ತಕರಾರು ತೆಗೆದಿತ್ತು. ಕೆಳಗಿನ ಡ್ರಾಯರಿನ ಮೇಲೆ ಒಂದು ಕಾಲಿಟ್ಟು, ಹಲ್ಲು ಕಚ್ಚಿ, ನೂಕುನುಗ್ಗಲಿನ ಬಸ್ಸು ಹತ್ತುವಂತೆ ಹತ್ತಬೇಕಾಗಿತ್ತು. ನೋವಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ರೋಗಿಗಳಿಗೆ ದಿನವೂ ಬುದ್ಧಿ ಹೇಳುವವರು ತಮ್ಮ ನೋವನ್ನು ಹೇಳಿಕೊಳ್ಳುವುದು ಎಲ್ಲಿ ಉಂಟು! ಅದಕ್ಕಿಂತ ಅವಳನ್ನು ಕೊರೆಯುತ್ತಿದ್ದುದು ಬೇರೆ. ಹಿಂದೆಲ್ಲ ಕೈ ಕೊಟ್ಟು ಎತ್ತಿ ಕೂರಿಸುತ್ತಿದ್ದ ಗಂಡ, ಈಗ ಅವಳು ಹತ್ತುವ ಹೊತ್ತಿಗೆ ಸರಿಯಾಗಿ ಬಾಣಲೆಯ ಕಡೆ ತಿರುಗಿಬಿಡುತ್ತಿದ್ದ. ನನ್ನ ಹರಟೆ ಸಾಕಾಗಿರಬೇಕು ಎಂದುಕೊಂಡಳು. ನೋವು ಜಾಸ್ತಿಯಾದ ದಿನ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಆ ದಿನಗಳಲ್ಲಿ ಪಲ್ಯಕ್ಕೆ ಎರಡೆರಡು ಸಲ ಉಪ್ಪು ಬಿದ್ದಿರುತ್ತಿತ್ತು. ವಯಸ್ಸಾಯಿತು ಪಾಪ, ಎಂದು ಸುಮ್ಮನೆ ತಿನ್ನುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ, ಕಿಟಕಿ ಪಕ್ಕದ ಬೆಡ್ಡಿನ ಮುದುಕ ತನ್ನ ಹಲ್ಲುಸೆಟ್ಟು ಕಳೆದುಕೊಂಡು ಪಕ್ಕದ ಬೆಡ್ಡಿನವನೇ ಕದ್ದನೆಂದು ವಾರ್ಡನ್ನೇ ತಲೆಯ ಮೇಲೆ ಹೊತ್ತುಕೊಂಡ ಕಥೆಯನ್ನು ಸಿಸ್ಟರಮ್ಮ ಹೇಳುತ್ತಿದ್ದಳು. "ಕೊನೆಗೆ ಎಲ್ಲಿ ಸಿಕ್ತು ಗೊತ್ತಾ?" ಎನ್ನುವಷ್ಟರಲ್ಲಿ ಸಿಂಕಿನ ಕೆಳಗಿನ ಪೈಪು ಒಡೆಯಿತು. ಅಡುಗೆಮನೆ ತುಂಬ ನೀರು. ಮಾರನೇ ದಿನ ಪ್ಲಂಬರು ಬಂದು ಸುತ್ತಿಗೆ ಆಡಿಸಿದ ರಭಸಕ್ಕೆ ಕಟ್ಟೆಯ ಹಳೆಯ ಕಪ್ಪು ಕಲ್ಲು ಈ ತುದಿಯಿಂದ ಆ ತುದಿಗೆ ಸೀಳಿತು. ಹಲ್ಲುಸೆಟ್ಟಿನ ಕಥೆ ಅಲ್ಲಿಗೇ ನಿಂತಿತು.

ಎರಡು ಬೀದಿ ಆಚೆ ಇರುವ ಮಗಳು ತಕ್ಷಣ ಬಂದು ಜವಾಬ್ದಾರಿ ಹೊತ್ತಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಅಪ್ಪ ಅವಳಿಗಿಟ್ಟ ಹೆಸರು ಇನ್‌ಸ್ಪೆಕ್ಟರ್. "ಒಡೆದಿದ್ದೇ ಒಳ್ಳೇದಾಯ್ತು. ಈಗ ಕ್ವಾರ್ಟ್ಜ್ ಕಲ್ಲು ಹಾಕಿಸೋಣ, ಕಲೆ ಹಿಡಿಯಲ್ಲ, ಒರೆಸಿದ್ರೆ ಸಾಕು," ಎಂದು ಹೊಸ ಅಡುಗೆಮನೆಯ ಚಿತ್ರ ತೆಗೆದು ತೋರಿಸಿದಳು. ಒಲೆಯ ಎಡಗಡೆ, ನೆಲದಿಂದ ಸೂರಿನವರೆಗೆ ಓವನ್ನಿನ ಬೀರು.

ಸಿಸ್ಟರಮ್ಮ ಚಿತ್ರದಲ್ಲಿ ತನ್ನ ಜಾಗ ಹುಡುಕಿದಳು. ಗಂಡನ ಮುಖ ನೋಡಿದಳು. ಅವನು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು, "ಚೆನ್ನಾಗಿದೆ," ಎಂದ.

ಅಷ್ಟೇ. ಒಂದು ಮಾತು, ಅದೂ ಚೆನ್ನಾಗಿದೆ ಎಂದು. ನನ್ನ ಜಾಗ ಎಲ್ಲಿ ಎಂದು ಅವಳು ಬಾಯಿ ಬಿಟ್ಟು ಹೇಗೆ ಕೇಳಬೇಕು? ನಿವೃತ್ತಿಗೆ ಹತ್ತಿರ ಬಂದ ಹೆಂಗಸು, ಕಟ್ಟೆ ಹತ್ತಿ ಕೂರಲು ಜಾಗ ಬಿಡಿ ಎಂದರೆ ಮಗಳು ನಗುವುದಿಲ್ಲವೇ? ಚಿಕ್ಕಂದಿನಿಂದಲೂ "ಅಡುಗೆ ಮಾಡೋ ಜಾಗದಲ್ಲಿ ಕೂರ್ತಾರೇನಮ್ಮ" ಎಂದು ಗದರುತ್ತಿದ್ದ ಹುಡುಗಿ ಅವಳು. ಕೇಳಬೇಕಾದವನು ಗಂಡ. ಅವನಿಗೇ ಬೇಡವಾದ ಮೇಲೆ ಯಾರ ಹತ್ತಿರ ಏನು ಕೇಳುವುದು?

ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಗಂಡನಿಗೆ ಅದು ಕಂಡಂತೆಯೇ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಹೊರಟವಳನ್ನು ತಡೆದು, "ನಿಂತ್ಕೋ ಸ್ವಲ್ಪ, ಪೈಜಾಮ ಒಂದು ಹೊಲೀಬೇಕು," ಎಂದು ಸೊಂಟದ ಕೆಳಗಿನಿಂದ ಹಿಮ್ಮಡಿಯ ತನಕ ಟೇಪು ಹಿಡಿದ.

"ನನ್ನ ಅಳತೆ ನಿಮಗೆ ಗೊತ್ತಿಲ್ವಾ?"

"ಮನುಷ್ಯರ ಅಳತೆ ಬದಲಾಗ್ತಾ ಇರುತ್ತೆ ಕಣೇ," ಎಂದು ಇನ್ನೊಮ್ಮೆ ಅಳೆದ. ಪೈಜಾಮ ಮಾತ್ರ ಬರಲಿಲ್ಲ. ವಾರಕ್ಕೊಮ್ಮೆ ಕೇಳಿದರೆ "ಆಗುತ್ತೆ, ಆಗುತ್ತೆ" ಎನ್ನುತ್ತಿದ್ದ. ಊರಿನವರ ಬಟ್ಟೆಯೆಲ್ಲ ಹೊತ್ತಿಗೆ ಸರಿಯಾಗಿ ಹೊಲಿದು ಕೊಡುವ ಟೈಲರಿಗೆ ಹೆಂಡತಿಯ ಪೈಜಾಮ ಹೊಲಿಯಲು ಬಿಡುವಿಲ್ಲ. ಅದೂ ಅವಳ ಮನಸ್ಸಿನಲ್ಲಿ ಹೋಗಿ ಕೂತಿತು.

ಕ್ವಾರ್ಟ್ಜ್ ಅಂಗಡಿಯಲ್ಲಿ ಕಲ್ಲಿನ ಹಲಗೆಗಳು ಸಾಲಾಗಿ ಗೋಡೆಗೆ ಒರಗಿ ನಿಂತಿದ್ದವು. ಮಾರುವ ಹುಡುಗಿ ಕಲ್ಲಿನ ಪುಡಿ, ಅಂಟು, ಹೊಳಪು ಎಂದೆಲ್ಲ ವಿವರಿಸಿ, ಕುದಿಯುವ ಪಾತ್ರೆಯನ್ನು ನೇರವಾಗಿ ಇಡಬೇಡಿ, ಅಂಟು ಸುಟ್ಟು ಗುರುತು ಬೀಳುತ್ತದೆ ಎಂದು ಎಚ್ಚರಿಸಿದಳು. ಮಗಳಿಗೆ ಬೂದು ಗೆರೆಯ ಬಿಳಿ ಹಲಗೆ ಕಣ್ಣಿಗೆ ಬಿತ್ತು. ಟೈಲರು ಬಟ್ಟೆ ಅಂಗಡಿಗೆ ಬಂದವನಂತೆ ಪ್ರತಿಯೊಂದನ್ನೂ ಅಂಗೈಯಿಂದ ಸವರಿ, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದ.

"ಅಂಚು ಇಷ್ಟು ಚೂಪು ಬೇಡಮ್ಮ. ದುಂಡಗೆ ಮಾಡ್ಸಿ. ಮೈಗೆ ತಾಗಿದ್ರೆ ಕೊರೀಬಾರದು. ಚಳಿಗಾಲದಲ್ಲಿ ತುಂಬ ತಣ್ಣಗಾಗುತ್ತಾ ಇದು?"

"ಅಪ್ಪ, ಕಟ್ಟೆ ಮೇಲೆ ಹಾಸಿಗೆ ಹಾಕ್ಕೊಂಡು ಮಲಗ್ತೀರಾ?" ಎಂದು ಮಗಳು ನಕ್ಕಳು.

ಅವನು ಹಾಲು ಹಾಕಿದ ಚಹಾದ ಬಣ್ಣದ, ಚುಕ್ಕಿಚುಕ್ಕಿಯ ಹಲಗೆಯೊಂದರ ಮುಂದೆ ನಿಂತ. "ಇದು ಇರಲಿ."

"ಇದಾ? ಎಷ್ಟು ಮಂಕಾಗಿದೆ!"

"ಚಹಾ ಚೆಲ್ಲಿದ್ರೂ ಕಾಣಲ್ಲ," ಎಂದು ಹೇಳಿ, ಕಲ್ಲು ಕೊಯ್ಯುವವನನ್ನು ನೋಡಬೇಕೆಂದು ಅಂಗಡಿಯ ಹಿಂದಿನ ಶೆಡ್ಡಿಗೆ ನಡೆದುಬಿಟ್ಟ.

ಮಗಳು ಫೋನಿನಲ್ಲಿ ಮುಳುಗಿದಾಗ ಸಿಸ್ಟರಮ್ಮ ಧೈರ್ಯ ಮಾಡಿ ಮಾರುವ ಹುಡುಗಿಯ ಕಿವಿಯ ಹತ್ತಿರ ಬಗ್ಗಿದಳು. "ಇದರ ಮೇಲೆ ಒಬ್ರು ಹತ್ತಿ ಕೂತ್ರೆ ತಡೆಯುತ್ತಾ?"

"ಅಯ್ಯೋ ಬೇಡಿ ಆಂಟಿ! ಕೆಳಗೆ ಸರಿಯಾಗಿ ಆಧಾರ ಇಲ್ಲದ ಕಡೆ ಕೂತ್ರೆ ಬಿರುಕು ಬಿಡುತ್ತೆ. ಮನೇಲಿ ಚಿಕ್ಕ ಮಕ್ಕಳು ಇದಾರಾ?"

"ಹ್ಞೂಂ, ಒಬ್ಬಳಿದಾಳೆ," ಎಂದಳು ಸಿಸ್ಟರಮ್ಮ. ಮಗಳು ಬಣ್ಣ ಯಾವುದಿರಲಿ ಎಂದು ಕೇಳಿದಾಗ, "ನಿಮ್ಮಪ್ಪ ಹೇಳಿದ್ದೇ ಹಾಕ್ಸು, ನನಗೇನಾಗಬೇಕು," ಎಂದಳು. ಕಣ್ಣು ಒದ್ದೆಯಾದದ್ದು ಕಲ್ಲಿನ ಧೂಳಿಗೆ ಎಂದು ಕರವಸ್ತ್ರದಿಂದ ಒರೆಸಿಕೊಂಡಳು.

ಕಲ್ಲು ಕೂರಿಸುವ ದಿನ ರಜೆ ಹಾಕು ಎಂದು ಮಗಳು ಹೇಳಿದರೂ ಅವಳು ಬೇಕೆಂದೇ ಡ್ಯೂಟಿಗೆ ಹೋದಳು. ಸಂಜೆ ಗೇಟಿನ ಹತ್ತಿರ ಬರುವಾಗಲೇ ಇನ್‌ಸ್ಪೆಕ್ಟರ್ ದನಿ ಕೇಳಿಸಿತು.

"ಕಣ್ಣು ಕಾಣಲ್ವೇನ್ರಿ? ಉಳಿದ ಕಟ್ಟೆಗಿಂತ ಒಂದು ಗೇಣು ಕೆಳಗಿದೆ ಈ ತುಂಡು! ಬೀರು ಬರಬೇಕಾದ ಜಾಗ ಇದು!"

"ಯಜಮಾನ್ರು ಕೊಟ್ಟ ಅಳತೆ ಮೇಡಂ," ಎಂದು ಕಲ್ಲು ಕೂರಿಸುವವನು ಕೈ ಕೊಡವಿಕೊಂಡ. "ಬೀರು ಆ ಕಡೆ ಗೋಡೆಗೆ ಹಾಕಿ ಅಂದ್ರು. ಇದರ ಕೆಳಗೆ ಕಬ್ಬಿಣದ ಆಧಾರ ಬೇರೆ ಹಾಕಿಸಿದಾರೆ, ಆನೆ ಬಂದು ಕೂತ್ರೂ ಅಲ್ಲಾಡಲ್ಲ."

ಸಿಸ್ಟರಮ್ಮ ಬಾಗಿಲಲ್ಲೇ ನಿಂತಳು. ಒಲೆಯ ಎಡಗಡೆ, ಚಹಾ ಬಣ್ಣದ ಕಟ್ಟೆ ಒಂದು ಮೆಟ್ಟಿಲಿನಷ್ಟು ಇಳಿದು, ದುಂಡಗಿನ ಅಂಚು ಹೊತ್ತು ಖಾಲಿ ಇತ್ತು.

"ಇಷ್ಟು ತಗ್ಗಲ್ಲಿ ತರಕಾರಿ ಹೆಚ್ಚೋಕಾಗುತ್ತಾ ಅಪ್ಪ? ಯಾರಿಗೆ ಉಪಯೋಗ ಇದು?"

ಟೈಲರು ಬಾಗಿಲ ಹತ್ತಿರ ಬಂದ. ಹೆಂಡತಿಯ ಹೆಗಲಿಂದ ಚೀಲ ಇಳಿಸಿಕೊಂಡು, "ಬಾರೇ, ಟ್ರಯಲ್ ನೋಡ್ಬೇಕು," ಎಂದ.

ಅವಳು ಹೋಗಿ ಕಟ್ಟೆಗೆ ಬೆನ್ನು ಮಾಡಿ ನಿಂತಳು. ಡ್ರಾಯರಿನ ಮೇಲೆ ಕಾಲಿಡಬೇಕಾಗಲಿಲ್ಲ, ಹಲ್ಲು ಕಚ್ಚಬೇಕಾಗಲಿಲ್ಲ. ಸುಮ್ಮನೆ ಹಿಂದಕ್ಕೆ ವಾಲಿದಳು, ಕೂತಿದ್ದಳು. ಕಾಲಿನ ಹೆಬ್ಬೆರಳು ನೆಲಕ್ಕೆ ತಾಗುತ್ತಿತ್ತು.

"ಪೈಜಾಮ ಎಲ್ಲಿ ಎಲ್ಲಿ ಅಂತ ಜೀವ ತಿಂತಿದ್ಯಲ್ಲ. ಅದರ ಅಳತೆ ಇಲ್ಲಿಗೆ ಬಂತು."

ಸಿಸ್ಟರಮ್ಮ ದುಂಡಗಿನ ಅಂಚನ್ನು ಸವರಿದಳು. "ಮೊಣಕಾಲಿನ ವಿಷಯ ನಾನು ನಿಮಗೆ ಹೇಳೇ ಇರಲಿಲ್ಲ. ನಾನು ಹತ್ತುವಾಗ ನೀವು ಆ ಕಡೆ ತಿರುಗಿಬಿಡ್ತಿದ್ರಿ."

"ನೀನು ಒದ್ದಾಡೋದನ್ನ ನಾನು ನೋಡೋದು ನಿನಗೆ ಇಷ್ಟ ಆಗಲ್ಲ ಅಂತ ತಿರುಗ್ತಿದ್ದೆ. ನೀನು ಹಲ್ಲು ಕಚ್ಚೋದು ಕೇಳಿಸ್ತಿರಲಿಲ್ವಾ ನನಗೆ?"

"ಮತ್ತೆ ಮೊದಲೇ ಬಾಯಿ ಬಿಟ್ಟು ಹೇಳಬಾರದಾಗಿತ್ತಾ? ಎಷ್ಟು ದಿನದಿಂದ ನಾನು..."

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ಹೋಗಿ ಸೋಫಾ ಮೇಲೆ ಕೂತ್ಕೋತೀನಿ, ಖರ್ಚು ಯಾಕೆ ಅಂತಿದ್ದೆ." ಟೈಲರು ಟೇಪನ್ನು ಬೆರಳಿಗೆ ಸುತ್ತಿಕೊಂಡ. "ನೀನು ಎದುರಿಗೆ ಕೂತಿಲ್ಲ ಅಂದ್ರೆ ನನಗೆ ಉಪ್ಪು ಹಾಕಿದ್ದೇ ಮರೆತುಹೋಗುತ್ತೆ ಕಣೇ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಇನ್‌ಸ್ಪೆಕ್ಟರ್ ಕಲ್ಲು ಕೂರಿಸುವವನಿಗೆ ಮೆಲ್ಲಗೆ ಸಾರಿ ಹೇಳಿ, ಧೂಳು ಒರೆಸಿ, ಮೂರು ಲೋಟ ಚಹಾ ಮಾಡಿ ಅವನಿಗೂ ಒಂದು ಕೊಟ್ಟಳು. ಅಪ್ಪನಿಗೊಂದು, ಅಮ್ಮನಿಗೊಂದು ಕೊಟ್ಟ ಮೇಲೆ ತನಗೆ ಉಳಿಯಲಿಲ್ಲವೆಂದು ಅಮ್ಮನ ಲೋಟಕ್ಕೇ ಬಾಯಿ ಹಾಕಿದಳು. ಸಿಸ್ಟರಮ್ಮ ಸ್ವಲ್ಪ ಜರುಗಿದಳು. ಮಗಳು ಗೊಣಗದೆ ಪಕ್ಕದಲ್ಲಿ ಕೂತಳು.

ಟೈಲರು ಈರುಳ್ಳಿ ಕೈಗೆತ್ತಿಕೊಂಡ. "ಹ್ಞೂಂ, ಆಮೇಲೆ?"

"ಆಮೇಲೆ ಏನು?"

"ಆ ಮುದುಕನ ಹಲ್ಲುಸೆಟ್ಟು. ಎಲ್ಲಿ ಸಿಕ್ತು?"

"ಅಯ್ಯೋ, ಆ ಮುದುಕ ಗುಣವಾಗಿ ಮನೆಗೆ ಹೋಗಿ ಎಷ್ಟು ಕಾಲ ಆಯ್ತು! ಇನ್ನೂ ಅದನ್ನೇ ಇಟ್ಕೊಂಡಿದೀರಾ?"

"ಪೈಪ್ ಒಡೆದಾಗಿನಿಂದ ಕಾಯ್ತಾ ಇದೀನಿ."

"ದೊಡ್ಡ ಡಾಕ್ಟರ ಕೋಟಿನ ಜೇಬಲ್ಲಿ ರೀ! ರೌಂಡ್ಸಿಗೆ ಬಂದವರು ಪೆನ್ನು ತೆಗೀತೀನಿ ಅಂತ ಕೈ ಹಾಕಿದ್ರೆ..." ಎಂದು ಅವಳು ಕೈ ಎತ್ತಿ ತೋರಿಸಹೋದಳು. ಅರ್ಧ ಲೋಟ ಚಹಾ ಹೊಸ ಕಲ್ಲಿನ ಮೇಲೆ ಚೆಲ್ಲಿತು. ಮಗಳು ಗಾಬರಿಯಾಗಿ ಬಟ್ಟೆ ಹಿಡಿದು ಬಗ್ಗಿದಳು. ಎಲ್ಲಿ ಚೆಲ್ಲಿದೆ ಎಂದು ಎಷ್ಟು ಹುಡುಕಿದರೂ ಅವಳಿಗೆ ಕಾಣಲಿಲ್ಲ.